ಪಳೆಯುಳಿಕೆಯ ಹಲ್ಲನ್ನು ಓದಿದ ವೈದ್ಯ: ಹ್ಯೂ ಫಾಲ್ಕನರ್

ಭೂಮಿಯ ಪ್ರಾಚೀನ ಜೀವಿಗಳೆಂದರೆ ನಮ್ಮ ಮಕ್ಕಳ ಕಣ್ಣ ಮುಂದೆ ಮೊದಲು ನಿಲ್ಲುವುದು ಡೈನೋಸಾರ್. ಮನೆಯೆತ್ತರದ ದೇಹ, ಮರವನ್ನು ಮುರಿಯುವ ಬಾಲ, ಗರಗಸದಂತಹ ಹಲ್ಲು ಇವೇ ಪಠ್ಯಪುಸ್ತಕದ ಚಿತ್ರಗಳಲ್ಲಿ ತುಂಬಿರುತ್ತವೆ. ಆ ದೈತ್ಯರ ಕಾಲಬುಡದಲ್ಲಿಯೇ, ಪೊದೆಯ ಮರೆಯಲ್ಲಿ, ಇಲಿಯಷ್ಟು ಗಾತ್ರದ ಸಸ್ತನಿಗಳು ಸಂಸಾರ ಹೂಡಿದ್ದವೆಂಬ ಸಂಗತಿ ಅಷ್ಟಾಗಿ ಜನರ ಮನಸ್ಸಿಗೆ ಬಂದಿಲ್ಲ. ಅವುಗಳಲ್ಲಿ ಹೆಚ್ಚಿನವು ನಮಗಾಗಿ ಉಳಿಸಿ ಹೋದದ್ದು ಹಲ್ಲುಗಳನ್ನು ಮಾತ್ರ, ಅಪರೂಪಕ್ಕೆ ಒಂದು ದವಡೆಯ ತುಣುಕನ್ನು. ದೇಹದ ಭಾಗಗಳಲ್ಲೆಲ್ಲ ಅತ್ಯಂತ ಗಟ್ಟಿಯಾದ ಪದಾರ್ಥ ಹಲ್ಲಿನ ಹೊರಕವಚ. ಮಾಂಸ ಕರಗಿ, ಮೂಳೆ ಪುಡಿಯಾಗಿ ಹೋದ ಮೇಲೂ ಅದು ಕೋಟ್ಯಂತರ ವರ್ಷ ಕೆಸರುಗಲ್ಲಿನ ಮಡಿಲಲ್ಲಿ ಬಾಳಬಲ್ಲದು. ಅಂತಹ ಹಲ್ಲನ್ನು ಹಿಡಿದು ಪ್ರಾಣಿಯನ್ನು ಗುರುತಿಸುವ ವಿದ್ಯೆಯನ್ನು ಕಟ್ಟಿದವರಲ್ಲಿ ಹ್ಯೂ ಫಾಲ್ಕನರ್ ಒಬ್ಬರು. ಅವರ ವೃತ್ತಿಜೀವನದ ಬಹುಭಾಗ ಭಾರತದ ಮಣ್ಣಿನಲ್ಲಿಯೇ ಕಳೆಯಿತು. ಆದುದರಿಂದ ಅವರ ಚರಿತ್ರೆ ನಮಗೆ ಪರದೇಶದ ಕಥೆಯಾಗಿ ಉಳಿಯುವುದಿಲ್ಲ.

ಫಾಲ್ಕನರ್ ಹುಟ್ಟಿದ್ದು 1808ರ ಫೆಬ್ರವರಿ 29ರಂದು, ಸ್ಕಾಟ್ಲೆಂಡಿನ ಉತ್ತರ ಭಾಗದ ಫಾರೆಸ್ ಎಂಬ ಸಣ್ಣ ಪಟ್ಟಣದಲ್ಲಿ. ಅಬರ್ಡೀನಿನಲ್ಲಿ ಓದಿ 1826ರಲ್ಲಿ ಎಂ.ಎ. ಪದವಿಯನ್ನೂ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1829ರಲ್ಲಿ ಎಂ.ಡಿ. ಪದವಿಯನ್ನೂ ಪಡೆದರು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಸೇವೆಗೆ ಆಯ್ಕೆಯಾದರೂ ನಿಯಮದಂತೆ 22 ವರ್ಷ ತುಂಬಿರಲಿಲ್ಲ. ಆ ಬಿಡುವಿನಲ್ಲಿ ಅವರು ಲಂಡನ್ನಿನಲ್ಲಿ ಸಸ್ಯಶಾಸ್ತ್ರಜ್ಞ ವಾಲಿಕ್ ಅವರ ಬಳಿ ಭಾರತದ ಒಣಸಸ್ಯಗಳನ್ನು ವಿಂಗಡಿಸಲು ನೆರವಾದರು. ಪಳೆಯುಳಿಕೆಗಳನ್ನೂ ಪರಿಚಯ ಮಾಡಿಕೊಂಡರು. 1830ರಲ್ಲಿ ಕಲ್ಕತ್ತೆಗೆ ಬಂದಿಳಿದಾಗ ಬರ್ಮಾದ ಇರಾವತಿ ತೀರದಿಂದ ಬಂದ ಪ್ರಾಚೀನ ಮೂಳೆಗಳು ಏಷಿಯಾಟಿಕ್ ಸೊಸೈಟಿಯಲ್ಲಿದ್ದವು. ಹೊಸದಾಗಿ ಬಂದ ಸಹಾಯಕ ವೈದ್ಯ ತನ್ನ ಔಷಧದ ಪೆಟ್ಟಿಗೆಯ ಜೊತೆಗೆ ಅವುಗಳನ್ನೂ ಕೈಗೆತ್ತಿಕೊಂಡರು.

ಮರುವರ್ಷ ಮೀರತ್‌ಗೆ ನೇಮಕವಾಯಿತು. ಅಲ್ಲಿಂದ ಅವರು ಸಹಾರನ್‌ಪುರವನ್ನು ಸೇರಿದರು. ಅಲ್ಲಿನ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ರಾಯ್ಲ್ ಅವರು ಹೊರಟುಹೋದಾಗ, 1832ರಲ್ಲಿ ಆ ಹೊಣೆ 24ರ ಹರೆಯದ ಫಾಲ್ಕನರ್ ಅವರ ಹೆಗಲಿಗೆ ಬಂದಿತು. ಉದ್ಯಾನದಿಂದ ಉತ್ತರಕ್ಕೆ ನೋಡಿದರೆ ಶಿವಾಲಿಕ ಬೆಟ್ಟಗಳ ಸಾಲು. ಹತ್ತಿರದಲ್ಲಿಯೇ ಯಮುನೆಯ ಕಾಲುವೆಯ ಕೆಲಸ ನಡೆಸುತ್ತಿದ್ದ ಸೇನಾಧಿಕಾರಿ ಪ್ರೋಬಿ ಕಾಟ್ಲೆ ಅವರ ಸ್ನೇಹ ಬೆಳೆಯಿತು. ಮುಂದೆ ಗಂಗಾ ಕಾಲುವೆಯನ್ನು ಕಟ್ಟಿ ಹೆಸರಾದವರು ಇದೇ ಕಾಟ್ಲೆ. ವೈದ್ಯ ಮತ್ತು ಕಾಲುವೆಯ ಅಧಿಕಾರಿ ಕೂಡಿ ಆ ಬೆಟ್ಟಗಳ ಒಡಲನ್ನು ಶೋಧಿಸಲು ತೊಡಗಿದರು.

ಈ ಶೋಧದ ಹಿಂದೆ ಕನ್ನಡ ನಾಡಿಗೆ ಸಂಬಂಧಿಸಿದ ಒಂದು ಎಳೆಯುಂಟು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿದ್ದು ಪರ್ಷಿಯನ್ ಭಾಷೆಯಲ್ಲಿ ಇತಿಹಾಸ ಬರೆದ ಫರಿಶ್ತಾ, 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಬೆಟ್ಟವನ್ನು ಕಡಿಸಿ ಕಾಲುವೆ ತೋಡಿಸಿದಾಗ ಆನೆಗಳ ಮತ್ತು ದೈತ್ಯಾಕಾರದ ಮನುಷ್ಯರ ಮೂಳೆಗಳು ದೊರೆತುವೆಂದೂ, ಅವುಗಳಲ್ಲಿ ಕೆಲವು ಕಲ್ಲಾಗಿದ್ದವೆಂದೂ ದಾಖಲಿಸಿದ್ದನು. ಬಹುಮಂದಿ ಓದಿ ಕಟ್ಟುಕಥೆಯೆಂದು ಬಿಟ್ಟಿದ್ದ ಆ ಸಾಲುಗಳು ಫಾಲ್ಕನರ್ ಅವರಿಗೆ ಸುಳಿವಾಗಿ ಕಂಡವು. ಮನುಷ್ಯರದೆಂದು ತಿಳಿದಿದ್ದ ಮೂಳೆಗಳು ನಿಜಕ್ಕೂ ಅಳಿದುಹೋದ ಪ್ರಾಣಿಗಳವಿರಬೇಕೆಂದು ಅವರು ಬಗೆದರು. 1834ರಲ್ಲಿ ನಾಹನ್ ಸಂಸ್ಥಾನದ ಕಡೆಯಿಂದ ಪಳೆಯುಳಿಕೆಗಳ ಸುದ್ದಿ ಬಂದಾಗ ತಾವೇ ಹೊರಟು ಆ ಸ್ಥಳವನ್ನು ತಲುಪಿ, ಆರು ಗಂಟೆಗಳ ಅವಧಿಯಲ್ಲಿ 300ಕ್ಕೂ ಹೆಚ್ಚು ಮಾದರಿಗಳನ್ನು ಸಂಗ್ರಹಿಸಿದರು. ಆನೆಯ ಹಲವು ಪ್ರಭೇದಗಳು, ನೀರ್ಗುದುರೆ, ಖಡ್ಗಮೃಗ, ಒಂಟೆ, ಅಗಾಧ ಗಾತ್ರದ ಆಮೆ, ಜಿರಾಫೆಯ ಬಳಗಕ್ಕೆ ಸೇರಿದ ಕವಲುಕೊಂಬಿನ ಬೃಹತ್ ಪ್ರಾಣಿ, ಹೀಗೆ ಒಂದು ಅಳಿದ ಲೋಕವೇ ಹೊರಬಂದಿತು. ಆ ಕೊಂಬಿನ ಪ್ರಾಣಿಗೆ ಶಿವನ ಹೆಸರು ಸೇರಿಸಿ ಶಿವಥೀರಿಯಂ ಎಂದು ಅವರು ಕರೆದರು.

ಗಮನಿಸಬೇಕಾದದ್ದು ಅವರು ಕೆಲಸ ಮಾಡಿದ ಬಗೆ. ಸಹಾರನ್‌ಪುರದಲ್ಲಿ ವಸ್ತುಸಂಗ್ರಹಾಲಯವಿರಲಿಲ್ಲ, ಹೋಲಿಸಿ ನೋಡಲು ಗ್ರಂಥಗಳಿರಲಿಲ್ಲ, ಕೇಳಿ ತಿಳಿಯಲು ಪಂಡಿತರಿರಲಿಲ್ಲ. ಕಲ್ಲಾದ ಹಲ್ಲು ಯಾವ ಪ್ರಾಣಿಯದೆಂದು ತಿಳಿಯಬೇಕಾದರೆ ಬದುಕಿರುವ ಪ್ರಾಣಿಗಳ ಹಲ್ಲು ಕಣ್ಣೆದುರು ಇರಬೇಕು. ಅದಕ್ಕಾಗಿ ಇಬ್ಬರೂ ಸುತ್ತಲಿನ ಕಾಡಿನ ಪ್ರಾಣಿಗಳನ್ನು ಬೇಟೆಯಾಡಿ, ಅವುಗಳ ಅಸ್ಥಿಪಂಜರಗಳನ್ನು ಬಿಡಿಸಿ, ಶುಚಿಮಾಡಿ, ತಮ್ಮದೇ ಆದ ಸಂಗ್ರಹವನ್ನು ಕಟ್ಟಿಕೊಂಡರು. ಹೋಲಿಕೆಯೇ ಅವರ ಗುರುವಾಯಿತು. ಲಂಡನ್ನಿನ ಭೂವಿಜ್ಞಾನ ಸಂಘ 1837ರಲ್ಲಿ ಅವರಿಬ್ಬರಿಗೂ ಕೂಡಿ ತನ್ನ ಅತ್ಯುನ್ನತ ಗೌರವವಾದ ವೊಲಾಸ್ಟನ್ ಪದಕವನ್ನು ನೀಡಿತು. ಆಗ ಫಾಲ್ಕನರ್ ಅವರಿಗೆ 29 ವರ್ಷ.

ಸರಕಾರದ ಕೆಲಸವೂ ಕಡಿಮೆಯಿರಲಿಲ್ಲ. ಭಾರತದಲ್ಲಿ ಚಹಾ ಬೆಳೆಯಲು ಸಾಧ್ಯವೇ ಎಂಬ ಪ್ರಶ್ನೆ 1834ರಲ್ಲಿ ಎದ್ದಾಗ, ಹಿಮಾಲಯದ ಕೆಳ ಇಳಿಜಾರುಗಳಲ್ಲಿ ಅದನ್ನು ಬೆಳೆದು ನೋಡಬಹುದೆಂದು ಅವರು ವರದಿ ಕೊಟ್ಟರು. ಮೊದಲ ತೋಟಗಳು ಅವರ ಉಸ್ತುವಾರಿಯಲ್ಲಿಯೇ ಎದ್ದವು. 1837ರಲ್ಲಿ ಕಾಬೂಲಿಗೆ ಹೊರಟ ನಿಯೋಗದ ಜೊತೆ ಹೋಗಿ, ಕಾಶ್ಮೀರ ಮತ್ತು ಬಾಲ್ಟಿಸ್ತಾನದ ಹಿಮನದಿಗಳವರೆಗೆ ಸಂಚರಿಸಿದರು. ನಮ್ಮ ಅಡುಗೆಮನೆಯ ಇಂಗನ್ನು ಕೊಡುವ ಗಿಡದ ಜಾತಿಯೊಂದನ್ನು ಅಸ್ತೋರ್ ಕಣಿವೆಯಲ್ಲಿ ಕಂಡು ಶಾಸ್ತ್ರಜ್ಞರಿಗೆ ಪರಿಚಯಿಸಿದವರೂ ಅವರೇ. ಸತತ ಅಲೆದಾಟದಿಂದ ಆರೋಗ್ಯ ಕೆಟ್ಟು 1842ರಲ್ಲಿ ಅವರು ತಾಯ್ನಾಡಿಗೆ ಮರಳಬೇಕಾಯಿತು. ಜೊತೆಯಲ್ಲಿ ಒಯ್ದದ್ದು 70 ದೊಡ್ಡ ಪೆಟ್ಟಿಗೆ ಒಣಸಸ್ಯ ಮತ್ತು 48 ಪೆಟ್ಟಿಗೆ ಪಳೆಯುಳಿಕೆ; ಮೂಳೆಗಳ ತೂಕವೇ ಐದು ಟನ್.

ಲಂಡನ್ನಿನಲ್ಲಿ ಆ ಕಲ್ಲುಮೂಳೆಗಳನ್ನು ಶುಚಿಗೊಳಿಸಿ, ಜೋಡಿಸಿ, ಚಿತ್ರ ಬರೆಯಿಸಿ, ಶಿವಾಲಿಕದ ಪ್ರಾಚೀನ ಪ್ರಾಣಿಸಂಕುಲವನ್ನು ಕುರಿತ ಮಹಾಗ್ರಂಥವೊಂದನ್ನು ಅವರು ಆರಂಭಿಸಿದರು. 1846ರಿಂದ 1849ರವರೆಗೆ ಅದರ ಚಿತ್ರಫಲಕಗಳ ಒಂಬತ್ತು ಭಾಗಗಳು ಹೊರಬಂದವು. ವಿವರಣೆ ಮಾತ್ರ ಪೂರ್ಣವಾಗಲಿಲ್ಲ. ಅಷ್ಟರೊಳಗೆ ರಜೆ ಮುಗಿದಿತ್ತು. 1848ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ ಮತ್ತು ಅಲ್ಲಿನ ವೈದ್ಯಕೀಯ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯನ್ನು ಹೊತ್ತು ಅವರು ಮತ್ತೆ ಭಾರತಕ್ಕೆ ಬಂದರು. ತೆನಸ್ಸರಿಂನ ತೇಗದ ಕಾಡುಗಳ ರಕ್ಷಣೆಗೆ ವರದಿ ಬರೆದರು. ಮಲೇರಿಯಾಕ್ಕೆ ಮದ್ದು ಕೊಡುವ ಸಿಂಕೋನಾ ಮರವನ್ನು ಈ ದೇಶದಲ್ಲಿ ಬೆಳೆಸಬೇಕೆಂದು ಸಲಹೆಯಿತ್ತರು. ಆದರೆ ಲಂಡನ್ನಿನಲ್ಲಿ ಕಂಪನಿಯ ಕಚೇರಿಯ ತೇವದ ನೆಲಮಾಳಿಗೆಯಲ್ಲಿ ಬಿಟ್ಟುಬಂದಿದ್ದ ಅವರ ಒಣಸಸ್ಯಗಳಲ್ಲಿ ಬಹಳಷ್ಟು ಕೊಳೆತು ಹಾಳಾದವು. ಹತ್ತು ವರ್ಷಗಳ ದುಡಿಮೆಯ ಫಲ ಹೀಗೆ ಅವರ ಕಣ್ಮರೆಯಲ್ಲಿ ನಾಶವಾಯಿತು. 1855ರಲ್ಲಿ ಸೇವೆಯಿಂದ ನಿವೃತ್ತರಾಗಿ ಹಿಂದಿರುಗಿದ ಮೇಲೆ ಅವರು ಉಳಿದ ಆಯುಷ್ಯವನ್ನು ಪಳೆಯುಳಿಕೆಗಳಿಗೆ, ಅದರಲ್ಲಿಯೂ ಹಲ್ಲುಗಳಿಗೆ ಮೀಸಲಿಟ್ಟರು.

ಆನೆಯ ದವಡೆಹಲ್ಲಿನ ಮೇಲೆ ಅಡ್ಡಲಾಗಿ ಏಣುಗಳು ಸಾಲಾಗಿರುತ್ತವೆ. ಅವುಗಳನ್ನು ಎಣಿಸಿ, ಅವುಗಳ ದಪ್ಪ ಎತ್ತರಗಳನ್ನು ಅಳೆದು, ಅಳಿದುಹೋದ ಆನೆಗಳ ವಂಶಗಳನ್ನು ಅವರು ವಿಂಗಡಿಸಿದರು. ಯೂರೋಪಿನ ಸಂಗ್ರಹಾಲಯಗಳಲ್ಲಿ ಆನೆಯ ಹಲ್ಲೆಂದರೆ ಫಾಲ್ಕನರ್ ಅವರ ಮಾತೇ ಪ್ರಮಾಣವೆಂಬಂತಾಯಿತು. ಇಷ್ಟು ದೊಡ್ಡ ಹಲ್ಲುಗಳಲ್ಲಿ ಪಳಗಿದ ಆ ಕಣ್ಣಿನ ಮುಂದೆ 1857ರಲ್ಲಿ ಬಂದು ನಿಂತದ್ದು ಅತಿ ಸಣ್ಣ ಹಲ್ಲುಗಳ ಸಮಸ್ಯೆ.

ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಡೈನೋಸಾರ್ ಕಾಲದಲ್ಲಿ ಸಸ್ತನಿಗಳಿರಲೇ ಇಲ್ಲವೆಂಬ ನಂಬಿಕೆ 19ನೆಯ ಶತಮಾನದ ಆರಂಭದಲ್ಲಿ ಪ್ರಬಲವಾಗಿತ್ತು. ಆಕ್ಸ್‌ಫರ್ಡ್ ಸಮೀಪದ ಸ್ಟೋನ್ಸ್‌ಫೀಲ್ಡ್ ಎಂಬಲ್ಲಿನ ಕಲ್ಲುಗಣಿಯಲ್ಲಿ ಸಿಕ್ಕಿದ ಸಣ್ಣ ದವಡೆಗಳನ್ನು 1818ರಲ್ಲಿ ಫ್ರಾನ್ಸಿನ ಕ್ಯುವಿಯೇ ನೋಡಿ, ಇವು ಸಸ್ತನಿಯವು ಎಂದು ತೀರ್ಮಾನ ಕೊಟ್ಟರು. 1824ರಲ್ಲಿ ಬಕ್‌ಲೆಂಡ್ ಅದನ್ನು ಪ್ರಕಟಿಸಿದರು. ಆದರೂ 1838ರಲ್ಲಿ ಬ್ಲೇನ್‌ವಿಲ್ ಅದನ್ನು ಅಲ್ಲಗಳೆದು, ಇವು ಸರೀಸೃಪದ ದವಡೆಗಳಾಗಿರಬಹುದೆಂದು ವಾದಿಸಿದರು. ಲಂಡನ್ನಿನ ರಿಚರ್ಡ್ ಓವೆನ್ ಮತ್ತೆ ಪರೀಕ್ಷಿಸಿ, ಅವು ಸಸ್ತನಿಯವೇ ಎಂದು ಸ್ಥಾಪಿಸಿದರು.

ಹಲ್ಲೊಂದು ಸಸ್ತನಿಯದೆಂದು ನಿರ್ಧರಿಸುವುದು ಹೇಗೆ? ಸಾಮಾನ್ಯವಾಗಿ ಸರೀಸೃಪದ ಹಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಆಕಾರದವು. ಮೊಸಳೆಯ ಬಾಯನ್ನು ನೆನೆದರೆ ಸಾಕು: ಶಂಕುವಿನಂತಹ ಮೊನೆ, ಕೆಳಗೆ ಒಂದೇ ಬುಡ. ಒಂದು ಬಿದ್ದರೆ ಅಲ್ಲಿ ಮತ್ತೊಂದು ಹುಟ್ಟುತ್ತದೆ. ಆಯುಷ್ಯವಿಡೀ ಇದೇ ಕ್ರಮ. ಸಸ್ತನಿಯಲ್ಲಾದರೋ ಕತ್ತರಿಸಲು ಬಾಚಿಹಲ್ಲು, ಇರಿಯಲು ಕೋರೆಹಲ್ಲು, ಅರೆಯಲು ದವಡೆಹಲ್ಲು ಎಂದು ಕೆಲಸ ಹಂಚಿಕೆಯಾಗಿದೆ. ದವಡೆಹಲ್ಲಿನ ತಲೆಯ ಮೇಲೆ ಹಲವು ಗುಬುಟುಗಳಿರುತ್ತವೆ. ಬುಡದಲ್ಲಿ ಎರಡು ಅಥವಾ ಹೆಚ್ಚು ಬೇರುಗಳಿರುತ್ತವೆ. ಮೇಲಿನ ಹಲ್ಲಿನ ಗುಬುಟು ಕೆಳಗಿನ ಹಲ್ಲಿನ ಕುಳಿಯಲ್ಲಿ ಕೂರುವುದರಿಂದ ಉಜ್ಜಿ ಸವೆದ ಗುರುತುಗಳು ನಿಯತವಾದ ಜಾಗಗಳಲ್ಲಿ ಮೂಡುತ್ತವೆ. ಸರೀಸೃಪದ ಕೆಳದವಡೆ ಹಲವು ಮೂಳೆಗಳ ಜೋಡಣೆಯಾದರೆ ಸಸ್ತನಿಯದು ಪ್ರತಿ ಪಕ್ಕಕ್ಕೂ ಒಂದೇ ಮೂಳೆ. ಪರೀಕ್ಷಕನು ಇವನ್ನೆಲ್ಲ ಒಂದೊಂದಾಗಿ ನೋಡಬೇಕು. ಬಳಿಕ ಹಲ್ಲು ಮೇಲಿನದೋ ಕೆಳಗಿನದೋ, ಎಡದ್ದೋ ಬಲದ್ದೋ, ಸಾಲಿನಲ್ಲಿ ಎಷ್ಟನೆಯದು, ಎಳೆಯ ಪ್ರಾಣಿಯದೋ ಮುದಿಯದೋ ಎಂದು ಕೇಳಬೇಕು. ಇವಿಷ್ಟಕ್ಕೂ ಉತ್ತರ ದೊರೆತ ಮೇಲೆಯೇ ಹೆಸರಿನ ಮಾತು.

ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್ ಪ್ರಾಂತದಲ್ಲಿ ಸ್ವಾನೇಜ್ ಎಂಬ ಊರಿದೆ. ಅದರ ಪಕ್ಕದ ಡರ್ಲ್‌ಸ್ಟನ್ ಕೊಲ್ಲಿಯ ಕಡಿದಾದ ದಡದಲ್ಲಿ ಪರ್ಬೆಕ್ ಸ್ತರಗಳೆಂಬ ಕಲ್ಲಿನ ಪದರಗಳು ತೆರೆದುಕೊಂಡಿವೆ. ಇಂದಿನ ಗಣನೆಯಲ್ಲಿ ಅವುಗಳ ವಯಸ್ಸು ಸುಮಾರು 14 ಕೋಟಿ 50 ಲಕ್ಷ ವರ್ಷ. ಅಲ್ಲಿ ಕೆಲವೇ ಅಂಗುಲ ದಪ್ಪದ ಒಂದು ಪದರದಲ್ಲಿ ಸಸ್ತನಿಗಳ ದವಡೆಗಳು ಅಡಗಿದ್ದವು. ಭೂವಿಜ್ಞಾನಿ ಲೈಯಲ್ ಅವರ ಪ್ರೋತ್ಸಾಹದಿಂದ ಸ್ಯಾಮ್ಯುಯೆಲ್ ಬೆಕಲ್ಸ್ ಎಂಬ ಹವ್ಯಾಸಿ ಸಂಗ್ರಾಹಕರು 1856ರ ಕೊನೆಯಲ್ಲಿ ಅಲ್ಲಿ ಅಗೆತಕ್ಕೆ ಕೈಹಚ್ಚಿದರು. ಆ ತೆಳು ಪದರವನ್ನು ತಲುಪಲು ಮೇಲಿನ ಕಲ್ಲುಮಣ್ಣನ್ನೆಲ್ಲ ತೆಗೆಯಬೇಕಾಗಿತ್ತು. ಕೆಲವು ತಿಂಗಳ ದುಡಿಮೆಯಲ್ಲಿ ಹತ್ತಾರು ಸಣ್ಣ ದವಡೆಗಳು ಹೊರಬಂದವು. ಅವುಗಳಲ್ಲಿ ವಿಚಿತ್ರವಾದ ಕೆಲವು ಫಾಲ್ಕನರ್ ಅವರ ಕೈ ಸೇರಿದವು.

ಕಲ್ಲಿನಲ್ಲಿ ಅರ್ಧ ಹುದುಗಿದ್ದ ಆ ಕೆಳದವಡೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಕಂಡದ್ದಿಷ್ಟು. ಮೂಳೆ ಒಂದೇ, ಹಲ್ಲುಗಳಿಗೆ ಎರಡೆರಡು ಬೇರು. ಆದುದರಿಂದ ಸಸ್ತನಿಯೆಂಬುದು ಖಚಿತ. ಮುಂದುಗಡೆ ಮೇಲ್ಮುಖವಾಗಿ ಬಾಗಿದ ಒಂದೇ ದೊಡ್ಡ ಬಾಚಿಹಲ್ಲು. ಕೋರೆಹಲ್ಲು ಇಲ್ಲ. ಅದರ ಹಿಂದೆ ಅಲಗಿನಂತೆ ಚಪ್ಪಟೆಯಾದ ಹಲ್ಲುಗಳ ಸಾಲು. ಹಿಂದೆ ಹೋದಂತೆ ಒಂದಕ್ಕಿಂತ ಒಂದು ದೊಡ್ಡದು. ಎಲ್ಲಕ್ಕೂ ದೊಡ್ಡದಾದ ಕೊನೆಯ ಅಲಗಿನ ಪಕ್ಕದಲ್ಲಿ ಓರೆಯಾಗಿ ಇಳಿದ ಏಳು ಗೀರುಗಳು. ಕಟ್ಟಕಡೆಗೆ ಗುಬುಟುಗಳಿಂದ ಕೂಡಿದ ಎರಡು ಪುಟ್ಟ ಅರೆಯುವ ಹಲ್ಲುಗಳು. ಇಂತಹ ಬಾಯಿ ಅಂದಿನವರೆಗೆ ಯಾವ ಪಳೆಯುಳಿಕೆಯಲ್ಲಿಯೂ ಕಂಡಿರಲಿಲ್ಲ.

ಫಾಲ್ಕನರ್ ಅವರು ಶಿವಾಲಿಕದ ತಪ್ಪಲಿನಲ್ಲಿ ಕಲಿತ ಹಾದಿಯನ್ನೇ ಹಿಡಿದರು. ಬದುಕಿರುವ ಪ್ರಾಣಿಗಳಲ್ಲಿ ಇಂತಹ ಹಲ್ಲು ಯಾವುದಕ್ಕಿದೆಯೆಂದು ಹುಡುಕಿದರು. ಆಸ್ಟ್ರೇಲಿಯಾದಲ್ಲಿ ಇಲಿಕಾಂಗರೂ ಎಂಬ ಸಣ್ಣ ಪ್ರಾಣಿಯಿದೆ. ಬೇರು, ಗೆಡ್ಡೆ, ಅಣಬೆಗಳನ್ನು ತಿಂದು ಬದುಕುತ್ತದೆ. ಅದರ ದವಡೆಯಲ್ಲಿಯೂ ಅಲಗಿನಂತಹ ಹಲ್ಲೊಂದಿದೆ; ಅದರ ಮೇಲೆಯೂ ಗೀರುಗಳಿವೆ, ಎಣಿಸಿದರೆ ಅವೂ ಏಳು. ವ್ಯತ್ಯಾಸವೆಂದರೆ ಇಲಿಕಾಂಗರೂವಿನಲ್ಲಿ ಗೀರು ನೆಟ್ಟಗೆ, ಪಳೆಯುಳಿಕೆಯಲ್ಲಿ ಓರೆ. ಆ ಓರೆಗೀರನ್ನೇ ಗ್ರೀಕ್ ಭಾಷೆಯಲ್ಲಿ ಸೂಚಿಸುವಂತೆ ಪ್ರಾಣಿಗೆ ಪ್ಲೇಜಿಯಾಲಾಕ್ಸ್ ಎಂಬ ಹೆಸರಿಟ್ಟು, ಒಂದು ಪ್ರಭೇದಕ್ಕೆ ಅಗೆದು ತೆಗೆದ ಬೆಕಲ್ಸ್ ಅವರ ಹೆಸರನ್ನು ಸೇರಿಸಿ, 1857ರಲ್ಲಿ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಎರಡು ಪ್ರಭೇದಗಳನ್ನು ವರ್ಣಿಸಿದರು. ಅವರ ತೀರ್ಮಾನದಂತೆ ಅದು ಹೊಟ್ಟೆಚೀಲದ ಪ್ರಾಣಿಗಳ ಬಳಗದ್ದು, ಸಸ್ಯಾಹಾರಿ.

ಇದನ್ನು ಒಪ್ಪದಿದ್ದವರು ಸಾಮಾನ್ಯರಲ್ಲ. ಸ್ಟೋನ್ಸ್‌ಫೀಲ್ಡಿನ ವಿವಾದವನ್ನು ಬಗೆಹರಿಸಿದ ರಿಚರ್ಡ್ ಓವೆನ್ ಆ ವೇಳೆಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಕೃತಿ ವಿಭಾಗಗಳ ಮುಖ್ಯಸ್ಥರು. ಡೈನೋಸಾರ್ ಎಂಬ ಪದವನ್ನು ಸೃಷ್ಟಿಸಿದವರು. ದೇಶದ ಅಂಗರಚನಾಶಾಸ್ತ್ರಕ್ಕೆ ಅಧಿಪತಿಯಂತಿದ್ದವರು. ಆಸ್ಟ್ರೇಲಿಯಾದಲ್ಲಿ ದೊರೆತ ಥೈಲಕೋಲಿಯೋ ಎಂಬ ಅಳಿದ ಪ್ರಾಣಿಯ ಅಲಗುಹಲ್ಲನ್ನು ನೋಡಿ ಅದು ಮಾಂಸಾಹಾರಿಯೆಂದು ಅವರು ಸಾರಿದ್ದರು. ಪ್ಲೇಜಿಯಾಲಾಕ್ಸಿನ ಅಲಗನ್ನೂ ಅದೇ ದೃಷ್ಟಿಯಿಂದ ಕಂಡರು. ದವಡೆ ಗಿಡ್ಡ ಮತ್ತು ದಪ್ಪ, ಕೀಲಿನ ಗುಂಡು ಕೆಳಮಟ್ಟದಲ್ಲಿದೆ, ಮುಂದಿನ ಹಲ್ಲು ಇರಿಯಲು ತಕ್ಕದ್ದು, ಅಲಗು ಮಾಂಸ ಸೀಳಲು ತಕ್ಕದ್ದು. ಆದುದರಿಂದ ಇದು ಸಣ್ಣ ಹಲ್ಲಿಗಳನ್ನೋ ಇತರ ಸಸ್ತನಿಗಳನ್ನೋ ಕೊಂದು ತಿನ್ನುತ್ತಿದ್ದ ಪ್ರಾಣಿ ಎಂಬುದು ಅವರ ನಿಲುವು.

ಹಲ್ಲಿನ ಪ್ರಶ್ನೆ ಹೀಗೆ ಪ್ರತಿಷ್ಠೆಯ ಪ್ರಶ್ನೆಯಾಯಿತು. ಇದಕ್ಕಿಂತಲೂ ಆಳವಾದ ಸಂಗತಿಯೊಂದು ಅದರಲ್ಲಿತ್ತು. ಒಂದು ಹಲ್ಲಿನಿಂದ ಇಡೀ ಪ್ರಾಣಿಯ ಬಾಳನ್ನು ಊಹಿಸಬಹುದೆಂಬ ಕ್ಯುವಿಯೇ ಅವರ ಸೂತ್ರವನ್ನು ಫಾಲ್ಕನರ್ 1856ರಲ್ಲಷ್ಟೇ ಹಕ್ಸ್‌ಲಿ ಅವರ ಟೀಕೆಯೆದುರು ಸಮರ್ಥಿಸಿದ್ದರು. ಒಂದೇ ಹಲ್ಲಿನಿಂದ ಇಬ್ಬರು ಪಂಡಿತರು ಮಾಂಸವೆಂದೂ ಸೊಪ್ಪೆಂದೂ ವಿರುದ್ಧ ಉತ್ತರ ಪಡೆಯುವುದಾದರೆ ಆ ವಿದ್ಯೆಯ ಬೆಲೆಯೇನು? 1862ರಲ್ಲಿ ಫಾಲ್ಕನರ್ ದೀರ್ಘವಾದ ಉತ್ತರ ಬರೆದರು. ಮಾಂಸಾಹಾರಿಗೆ ಬೇಟೆಯನ್ನು ಹಿಡಿಯಲು ಕೋರೆಹಲ್ಲು ಬೇಕು, ಇಲ್ಲಿ ಅದೇ ಇಲ್ಲ. ಮುಂದಿರುವುದು ಸ್ಥಾನದಿಂದಲೂ ರೂಪದಿಂದಲೂ ಬಾಚಿಹಲ್ಲು. ಮಾಂಸ ಸೀಳುವ ಹಲ್ಲಿನ ಪಕ್ಕ ನುಣುಪಾಗಿರುತ್ತದೆ, ಗೀರುಗಳ ಸಾಲು ಸಸ್ಯ ತಿನ್ನುವ ಇಲಿಕಾಂಗರೂವಿನಲ್ಲಿದೆ. ಹಿಂದಿನ ಗುಬುಟುಹಲ್ಲುಗಳು ಅರೆಯುವುದಕ್ಕಲ್ಲದೆ ಸೀಳುವುದಕ್ಕೆ ಒದಗುವುದಿಲ್ಲ. ಒಂದು ಲಕ್ಷಣವನ್ನು ಮಾತ್ರ ಹಿಡಿದು ಉಳಿದವನ್ನು ಬಿಡಬಾರದು, ಎಲ್ಲವನ್ನೂ ಕೂಡಿಸಿ ತೂಗಬೇಕು ಎಂಬುದು ಅವರ ವಾದದ ತಿರುಳು. ಹುದ್ದೆಯಲ್ಲಿ ಎದುರಾಳಿ ಎಷ್ಟು ದೊಡ್ಡವರೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾದ ಅವರ ಜೀವಿತಕಾಲದಲ್ಲಿ ಮುಗಿಯಲಿಲ್ಲ. ಓವೆನ್ 1871ರಲ್ಲಿ ಆ ಕಾಲದ ಸಸ್ತನಿಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿಯೂ ತಮ್ಮ ಮಾತನ್ನೇ ಹಿಡಿದರು. ಉತ್ತರ ಬಂದದ್ದು ಮುಂದಿನ ತಲೆಮಾರುಗಳಲ್ಲಿ. ಅಮೆರಿಕದಲ್ಲಿ ಮಾರ್ಷ್ ಮೊದಲಾದವರಿಗೆ ಇದೇ ಬಗೆಯ ಹಲ್ಲುಗಳು ದೊರೆತವು. 1884ರಲ್ಲಿ ಕೋಪ್ ಆ ಗುಂಪಿಗೆ ಅನೇಕ ಗುಬುಟುಗಳ ಪ್ರಾಣಿಗಳೆಂಬ ಅರ್ಥದಲ್ಲಿ ಮಲ್ಟಿಟ್ಯುಬರ್ಕುಲೇಟ ಎಂಬ ಹೆಸರು ಕೊಟ್ಟರು. ಆ ಬಳಗ ಡೈನೋಸಾರ್‌ಗಳ ಕಾಲದಲ್ಲಿ ಹುಟ್ಟಿ, ಅವು ಅಳಿದ ಮೇಲೂ ಉಳಿದು, ಒಟ್ಟು 10 ಕೋಟಿ ವರ್ಷಕ್ಕೂ ಮಿಗಿಲಾಗಿ ಬಾಳಿತೆಂದು ಈಗ ತಿಳಿದಿದೆ. ಹಲ್ಲಿನ ಸವೆತವನ್ನು ಸೂಕ್ಷ್ಮವಾಗಿ ನೋಡಿದವರು, ಅವು ಅಲಗಿನಿಂದ ಗಟ್ಟಿಯಾದ ಕಾಳು, ಹಣ್ಣು, ಕೀಟಗಳನ್ನು ಕತ್ತರಿಸಿ, ದವಡೆಯನ್ನು ಹಿಂದಕ್ಕೆ ಎಳೆಯುತ್ತ ಅರೆಯುತ್ತಿದ್ದುವೆಂದು ಕಂಡಿದ್ದಾರೆ. ಹಿಂಸ್ರಪ್ರಾಣಿಯಲ್ಲವೆಂಬ ಫಾಲ್ಕನರ್ ಅವರ ಮಾತು ಮುಖ್ಯಾಂಶದಲ್ಲಿ ನಿಂತಿತು. ಹೊಟ್ಟೆಚೀಲದ ಪ್ರಾಣಿಗಳ ಬಳಗವೆಂಬ ಅವರ ಮಾತು ನಿಲ್ಲಲಿಲ್ಲ. ಅದು ತನ್ನದೇ ಆದ, ಸಂತಾನವಿಲ್ಲದೆ ಅಳಿದ ಬೇರೊಂದು ಕವಲು. ಇತ್ತ ಥೈಲಕೋಲಿಯೋ ಮಾಂಸಾಹಾರಿಯೆಂಬ ಓವೆನ್ ಅವರ ನಿರ್ಣಯವನ್ನು ಇಂದಿನ ವಿಜ್ಞಾನ ಒಪ್ಪಿದೆ. ಅವರು ಎಡವಿದ್ದು ಒಂದು ಪ್ರಾಣಿಗೆ ಸಂದ ತೀರ್ಪನ್ನು ಮತ್ತೊಂದಕ್ಕೆ ವಿಸ್ತರಿಸಿದಲ್ಲಿ.

ಈ ವಾದದ ನಡುವೆಯೂ ಫಾಲ್ಕನರ್ ಮತ್ತೊಂದು ಮಹತ್ಕಾರ್ಯದಲ್ಲಿ ತೊಡಗಿದ್ದರು. 1858ರಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಂ ಗುಹೆಯ ಉತ್ಖನನಕ್ಕೆ ಅವರು ಪ್ರೇರಕರಾದರು. ಅಳಿದ ಪ್ರಾಣಿಗಳ ಮೂಳೆಗಳೊಡನೆ ಮನುಷ್ಯ ಮಾಡಿದ ಕಲ್ಲಿನ ಆಯುಧಗಳು ಅಲ್ಲಿ ದೊರೆತವು. ಅದೇ ವರ್ಷ ಫ್ರಾನ್ಸಿನ ಅಬ್‌ವಿಲ್‌ಗೆ ಹೋಗಿ, ಎಲ್ಲರೂ ಕಡೆಗಣಿಸಿದ್ದ ಬೂಶೆ ದ ಪೆರ್ತ್ ಅವರ ಸಂಗ್ರಹವನ್ನು ನೋಡಿ, ಪ್ರೆಸ್ಟ್‌ವಿಚ್ ಅವರನ್ನು ಅಲ್ಲಿಗೆ ಹೋಗಲು ಒತ್ತಾಯಿಸಿದರು. ಮನುಷ್ಯಕುಲ ಎಷ್ಟು ಪುರಾತನವೆಂಬ ಅರಿವು ಲೋಕಕ್ಕೆ ದೃಢವಾದದ್ದು ಈ ಭೇಟಿಗಳ ನಂತರ.

ಡಾರ್ವಿನ್ ಅವರೊಡನೆ ಫಾಲ್ಕನರ್ ಅವರದು ವಿಶೇಷವಾದ ಸ್ನೇಹ. ಆನೆಯ ಹಲ್ಲು ದೀರ್ಘಕಾಲ ಬದಲಾಗದೆ ಉಳಿದದ್ದನ್ನು ಕಂಡು, ನೈಸರ್ಗಿಕ ಆಯ್ಕೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದೆಂದು 1863ರಲ್ಲಿ ಅವರು ಬರೆದರು. ಹೀಗೆ ಪೂರ್ಣ ಸಮ್ಮತಿಯಿಲ್ಲದಿದ್ದರೂ, 1864ರಲ್ಲಿ ಜಿಬ್ರಾಲ್ಟರಿನ ಗುಹೆಗಳನ್ನು ಪರೀಕ್ಷಿಸಿ ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನಿಂದಲೇ ರಾಯಲ್ ಸೊಸೈಟಿಗೆ ಪತ್ರ ಬರೆದು, ಕಾಪ್ಲಿ ಪದಕಕ್ಕೆ ಡಾರ್ವಿನ್ ಅವರೇ ಯೋಗ್ಯರೆಂದು ಶಿಫಾರಸು ಮಾಡಿದರು. ಆ ವರ್ಷ ಪದಕ ಡಾರ್ವಿನ್ ಅವರಿಗೇ ಸಂದಿತು. ಅಭಿಪ್ರಾಯಭೇದ ಬೇರೆ, ಯೋಗ್ಯತೆಯ ಮನ್ನಣೆ ಬೇರೆ ಎಂಬ ವಿವೇಕ ಅವರಲ್ಲಿತ್ತು.

ಆ ಪ್ರಯಾಣದ ಆಯಾಸ ಮತ್ತು ಚಳಿ ಅವರ ದೇಹವನ್ನು ಕುಗ್ಗಿಸಿತು. 1865ರ ಜನವರಿ 31ರಂದು, 56ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಅವರು ತೀರಿಕೊಂಡರು. ಅಪಾರ ಸಂಗತಿಗಳನ್ನು ತಲೆಯಲ್ಲಿಟ್ಟುಕೊಂಡು, ಪೂರ್ತಿ ಖಚಿತವಾಗದೆ ಪ್ರಕಟಿಸಲು ಒಪ್ಪದೆ, ಬಹಳಷ್ಟನ್ನು ಟಿಪ್ಪಣಿಯ ರೂಪದಲ್ಲಿಯೇ ಬಿಟ್ಟುಹೋದರು. ಮೂರು ವರ್ಷಗಳ ಬಳಿಕ ಮಿತ್ರ ಮರ್ಚಿಸನ್ ಆ ಬರಹಗಳನ್ನು ಎರಡು ಸಂಪುಟಗಳಲ್ಲಿ ಸಂಪಾದಿಸಿದರು. ಹುಟ್ಟೂರು ಫಾರೆಸ್‌ನಲ್ಲಿ 1871ರಲ್ಲಿ ಅವರ ಮನೆತನದ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು.

ಈ ಚರಿತ್ರೆ ನಮ್ಮ ಸೀಮೆಯನ್ನು ಬಂದು ಮುಟ್ಟುವುದು ನಂತರದ ಕಾಲದಲ್ಲಿ. ಪಶ್ಚಿಮ ತೆಲಂಗಾಣದ ನಮ್ಮ ಹೊಲಗಳ ಕರಿಮಣ್ಣು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾರಸದ ಕಲ್ಲು ಕರಗಿ ಆದದ್ದು. ಒಂದು ಲಾವಾ ಹರಿವಿಗೂ ಮತ್ತೊಂದಕ್ಕೂ ನಡುವೆ ಕೆರೆಕುಂಟೆಗಳ ಕೆಸರು ಕುಳಿತು ತೆಳುವಾದ ಪದರಗಳಾಗಿವೆ. ವಿಕಾರಾಬಾದ್ ಸೀಮೆಯ ನಸ್ಕಲ್ ಗ್ರಾಮದ ಬಳಿ ಅಂತಹ ಪದರವೊಂದರಿಂದ, ಡೈನೋಸಾರ್ ಯುಗದ ಕಡೆಯ ಭಾಗಕ್ಕೆ ಸೇರಿದ ಸಸ್ತನಿಯ ಹಲ್ಲುಗಳನ್ನು ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅವರು 1988ರಲ್ಲಿ ಲೋಕಕ್ಕೆ ಪರಿಚಯಿಸಿದರು. ಭಾರತದಲ್ಲಿ ಆ ಕ್ರಿಟೇಷಿಯಸ್ ಕಾಲದ ಸಸ್ತನಿ ದೊರೆತದ್ದು ಅದೇ ಮೊದಲು. ದಖ್ಖಣದ ಹೆಸರನ್ನೂ, ಈ ಲಾವಾ ಪದರಗಳ ನಡುವಿನ ಪಳೆಯುಳಿಕೆಗಳನ್ನು ನಾಗಪುರದಲ್ಲಿದ್ದು ಸಂಗ್ರಹಿಸಿದ ಫಾಲ್ಕನರ್ ಅವರ ಸಮಕಾಲೀನ ಸ್ಟೀಫನ್ ಹಿಸ್ಲಾಪ್ ಅವರ ಹೆಸರನ್ನೂ ಕೂಡಿಸಿ ಅದನ್ನು ಡೆಕ್ಕನೊಲೆಸ್ಟಿಸ್ ಹಿಸ್ಲಾಪಿ ಎಂದು ಕರೆದರು. ಹಲ್ಲುಗಳ ಗಾತ್ರ ರಾಗಿಕಾಳಿನ ಆಸುಪಾಸು. ಇಂತಹವನ್ನು ಹೊಲದಲ್ಲಿ ಬರಿಗಣ್ಣಿನಿಂದ ಆರಿಸಲಾಗದು. ಚೀಲಗಟ್ಟಲೆ ಕೆಸರುಗಲ್ಲನ್ನು ತಂದು, ನೆನೆಹಾಕಿ, ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು, ಉಳಿದ ಪುಡಿಯನ್ನು ಸೂಕ್ಷ್ಮದರ್ಶಕದಡಿ ಕಣಕಣವಾಗಿ ನೋಡಬೇಕು. ನಮ್ಮ ತಾಯಂದಿರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ತಾಳ್ಮೆಯೇ ಇಲ್ಲಿಯೂ ಬೇಕಾದದ್ದು.

ಸಿಕ್ಕಿದ ಮೇಲೆ ಕೇಳುವ ಪ್ರಶ್ನೆಗಳು ಮಾತ್ರ ಫಾಲ್ಕನರ್ ಕೇಳಿದವೇ: ಬೇರು ಎಷ್ಟು, ಗುಬುಟು ಎಷ್ಟು, ಸವೆದದ್ದು ಎಲ್ಲಿ, ಬದುಕಿರುವ ಯಾವ ಪ್ರಾಣಿಗೆ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ. ನೂರು ವರ್ಷಗಳಿಂದ ಮಕ್ಕಳಿಗೆ ಎಣಿಸುವುದನ್ನೂ ಹೋಲಿಸುವುದನ್ನೂ ಕನ್ನಡದಲ್ಲಿಯೇ ಕಲಿಸುತ್ತ ಬಂದಿರುವ ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಈ ಪ್ರಶ್ನೆಗಳು ಹೊಸವಲ್ಲ. ಪ್ರಯೋಗಾಲಯದ ಸೌಕರ್ಯ ನಮ್ಮಲ್ಲಿ ಕಡಿಮೆಯಿರಬಹುದು. ಸಹಾರನ್‌ಪುರದಲ್ಲಿಯೂ ಅದು ಇರಲಿಲ್ಲ. ಕಾಲ ಕೆಳಗಿನ ನೆಲ ಇದೆ, ಮಳೆಗಾಲದ ನಂತರ ಹಳ್ಳದ ದಂಡೆ ಪ್ರತಿವರ್ಷವೂ ಹೊಸದಾಗಿ ಕೊರೆದು ತೆರೆದುಕೊಳ್ಳುತ್ತದೆ. ಅಲ್ಲಿ ಬಗ್ಗಿ ನೋಡುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವ ಕೆಲಸ ಶಿಕ್ಷಕರದು ಮತ್ತು ಪಾಲಕರದು.